ಪಕ್ಕದಿಂದ ನೋಡುತ್ತಿದ್ದ ಬೀಗರು

ನಮ್ಮ ಮಗಳು ಶಾಂತಾ ನಿನ್ನೆ ಬೆಳಗ್ಗೆ ಹಡೆದಳು. ಹೆಣ್ಣು ಕೂಸು. ತಾಯಿ, ಮಗು ಇಬ್ಬರೂ ಕ್ಷೇಮ. ಮದುವೆಯಾಗಿ ಎಂಟು ವರ್ಷದ ಮೇಲೆ ಹುಟ್ಟಿದ ಕೂಸು ಎಂದರೆ ನನ್ನಂಥವಳ ಬಾಯಿ ಸುಮ್ಮನಿದ್ದೀತೆ? ಹಾಲಿನವನಿಗೆ ಹೇಳಿದೆ, ಪಾತ್ರೆ ತಿಕ್ಕುವವಳಿಗೆ ಹೇಳಿದೆ. ಎದುರು ಮನೆಯ ಮರಾಠಿ ಮುದುಕಿಗೆ ಕಿವಿ ಕೇಳಿಸುವುದಿಲ್ಲ, ಅವಳಿಗೆ ಎರಡೂ ಕೈಯಲ್ಲಿ ತೊಟ್ಟಿಲು ತೂಗಿ ತೋರಿಸಿದೆ. ಇಲ್ಲಿ ನಾಸಿಕದಲ್ಲಿ ಗಂಡು ಹುಟ್ಟಿದರೆ ಪೇಢೆ, ಹೆಣ್ಣು ಹುಟ್ಟಿದರೆ ಬರ್ಫಿ ಹಂಚುತ್ತಾರೆ. ನಮ್ಮ ಯಜಮಾನರು ಎರಡನ್ನೂ ತಂದರು. ಯಾಕೆಂದು ಕೇಳಿದರೆ, ಇಷ್ಟು ವರ್ಷ ಕಾದದ್ದಕ್ಕೆ ಒಂದೇ ಮಿಠಾಯಿ ಸಾಲದು ಎಂದರು. ಅವರದು ಈರುಳ್ಳಿ ದಲಾಲಿ ಅಂಗಡಿ. ಚಾಂದವಡ್, ಸಟಾಣಾ ಕಡೆಯಿಂದ ಬಂದ ಗಾಡಿಗಳು ಸಾಲಾಗಿ ನಿಂತಿದ್ದವು. ಅವರು ಈರುಳ್ಳಿ ನೋಡುವುದು ಬಿಟ್ಟು ಗಾಡಿಯವರ ಬಾಯಿಗೆ ಬರ್ಫಿ ಇಡುತ್ತಾ ಹೊರಟರಂತೆ.

ಹೀಗೆ ಊರಿಗೆಲ್ಲ ಹೇಳಿ ಮುಗಿಸಿ ಉಸಿರು ಬಿಟ್ಟಾಗ, ಮೊದಲು ಹೇಳಬೇಕಿದ್ದವರೇ ಉಳಿದುಹೋದರಲ್ಲ ಎನ್ನಿಸಿತು. ಅವರು ಕಾಶಪ್ಪನವರು. ಶಾಂತಾಳ ಮಾವ, ನಮ್ಮ ಬೀಗರು, ಔರಂಗಾಬಾದಿನವರು. ಹೋದ ವರ್ಷ ಮಾಘದಲ್ಲಿ ತೀರಿಕೊಂಡರು. ಅವರ ಕಿವಿಗೆ ಹೇಳಲು ಆಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಕಲಿಸುವಷ್ಟರಲ್ಲಿ ಬಿಟ್ಟೆ ಎಂದು ಕಾಣುತ್ತದೆ, ಮಾತಿಗೆ ಕೂತರೂ ಬರೆಯಲು ಕೂತರೂ ನಿಲ್ಲಿಸಲು ಬರುವುದಿಲ್ಲ.

ಕಾಶಪ್ಪನವರು ಯಾರ ಮುಖವನ್ನೂ ಎದುರಿನಿಂದ ನೋಡುತ್ತಿರಲಿಲ್ಲ. ಮನೆಗೆ ಬಂದವರು ಎದುರು ಕೂತರೆ ಇವರು ಮೆಲ್ಲಗೆ ಎದ್ದು, ನೀರು ಕುಡಿಯುವ ನೆವ ಮಾಡಿ, ವಾಪಸು ಬರುವಾಗ ಪಕ್ಕಕ್ಕೆ ಬಂದು ಕೂರುತ್ತಿದ್ದರು. ಅಲ್ಲಿಂದ ಕಣ್ಣು ಕಿರಿದು ಮಾಡಿ ಹಣೆಯಿಂದ ಮೂಗಿಗೆ, ಮೂಗಿನಿಂದ ಗದ್ದಕ್ಕೆ ಇಳಿಯುವ ಗೆರೆಯನ್ನು ನೋಡುವರು. ಮೊದಲ ಸಲ ಕಂಡಾಗ, ಇವರಿಗೆ ಮೆಳ್ಳಗಣ್ಣು ಇರಬಹುದೆಂಬ ಅನುಮಾನ ನನಗೆ ಬಂದಿತ್ತು. ಆಮೇಲೆ ತಿಳಿಯಿತು, ಇದು ನಾಣ್ಯ ನೋಡಿ ನೋಡಿ ಬಂದ ಚಾಳಿ ಎಂದು. ಹಳೆಯ ಕಾಲದ ರಾಜರು ನಾಣ್ಯದ ಮೇಲೆ ಪಕ್ಕಕ್ಕೆ ತಿರುಗಿ ಕೂತಿರುತ್ತಾರಂತೆ. ಅವರನ್ನೇ ನೋಡಿ ಬಳಕೆಯಾದ ಕಣ್ಣಿಗೆ ನಾವೆಲ್ಲ ಎದುರಿನಿಂದ ಗುರುತು ಸಿಗುತ್ತಿರಲಿಲ್ಲ.

"ಮಾರಿ ಎದುರಿಂದ ನೋಡಿದ್ರ ಸುಳ್ಳು ಹೇಳ್ತದ್ರಿ ಅಕ್ಕಾರ," ಎನ್ನುತ್ತಿದ್ದರು. "ಬಾಜೂಕ್ಕ ಕುಂತು ನೋಡ್ರಿ, ಖರೇ ಹೇಳ್ತದ."

ಅವರ ಹಿರಿಯರು ನಮ್ಮ ಹಿರಿಯರಂತೆಯೇ ಬೀದರ ಕಡೆಯವರು. ನಿಜಾಮರ ಕಾಲದಲ್ಲಿ ಬೀದರ, ಔರಂಗಾಬಾದ್ ಎಲ್ಲ ಒಂದೇ ರಾಜ್ಯವಾಗಿದ್ದಾಗ ನೌಕರಿಗೆಂದು ಬಂದು ನಿಂತವರು. ಕಾಶಪ್ಪನವರು ಊರ ಹೊರಗಿನ ಜಕಾತಿ ನಾಕಾದಲ್ಲಿ ಕಾರಕೂನರು. ಊರೊಳಗೆ ಸರಕು ತರುವ ಗಾಡಿ ನಿಲ್ಲಿಸಿ ಜಕಾತಿ ವಸೂಲು ಮಾಡುವುದು ಅವರ ಕೆಲಸ. ಆದರೆ ಗಾಡಿಯವನು ಪೈಠಣದ ಕಡೆಯವನೆಂದು ಗೊತ್ತಾದರೆ ಸಾಕು, ಜಕಾತಿ ಮರೆತು, ನಿನ್ನ ಹೊಲದಲ್ಲಿ ಮಳೆ ಬಿದ್ದ ಮೇಲೆ ಏನಾದರೂ ಬಿಲ್ಲೆ ಸಿಕ್ಕಿದೆಯೇ ಎಂದು ವಿಚಾರಿಸಲು ಶುರು. ಪೈಠಣದಲ್ಲಿ ಮಳೆಗೆ ಮಣ್ಣು ತೊಳೆದುಹೋದಾಗ ಹಳೆಯ ನಾಣ್ಯಗಳು ಮೇಲೆ ಬರುತ್ತವೆ. ಸಾತವಾಹನರ ರಾಜಧಾನಿ ಅದು. ಸೀಸದವು, ತಾಮ್ರದವು, ಬೂದಿ ಬಣ್ಣದ ಬೆರಕೆ ಲೋಹದವು, ಸೊಂಡಿಲೆತ್ತಿದ ಆನೆ ಇರುವವು. ರೈತರು ಅವನ್ನು ಮಕ್ಕಳಿಗೆ ಆಡಲು ಕೊಡುತ್ತಿದ್ದರು. ಕಾಶಪ್ಪನವರು ಆ ಮಕ್ಕಳಿಗೆ ಪೆಪ್ಪರಮಿಂಟು ಕೊಟ್ಟು ಆನೆಯನ್ನು ತರುತ್ತಿದ್ದರು. ಒಮ್ಮೆ ಹೀಗೆ ಮಾತಿಗೆ ನಿಂತಾಗ ಒಂದು ಕುರಿ ಹಿಂಡು ಪೂರ್ತಿ ಜಕಾತಿ ಕೊಡದೆ ಅವರ ಬೆನ್ನ ಹಿಂದಿನಿಂದ ಊರೊಳಗೆ ಹೋಯಿತಂತೆ. ಸಾಹೇಬರು ಬೈದರೆ, ಕುರಿಗಳನ್ನು ನಾನು ಎದುರಿನಿಂದ ನೋಡಲಿಲ್ಲ ಸಾಹೇಬ ಎಂದರಂತೆ. ಇದು ಅವರ ಹೆಂಡತಿ ಮಲ್ಲಮ್ಮನವರು ಹೇಳಿದ್ದು. ಸ್ವಲ್ಪ ಉಪ್ಪು ಖಾರ ಅವರೂ ಸೇರಿಸಿರಬಹುದು.

ನಮ್ಮ ಮನೆಗೆ ಊಟಕ್ಕೆ ಬಂದರೆ ರೊಟ್ಟಿ ಬಡಿಸಿದೊಡನೆ ಅದನ್ನು ಮಗುಚಿ ಹಿಂಬದಿ ನೋಡುತ್ತಿದ್ದರು. ನನ್ನ ರೊಟ್ಟಿ ಸೀದಿದೆಯೇ ಎಂದು ನೋಡುತ್ತಾರೆಂದು ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಹಾಗಲ್ಲ, ಗುಂಡಗೆ ಇರುವುದು ಯಾವುದು ಕೈಗೆ ಬಂದರೂ ಹಿಂದೆ ಏನಿದೆ ಎಂದು ನೋಡದೆ ಅವರಿಗೆ ಸಮಾಧಾನವಿಲ್ಲ.

ಈಗ ಹೆಣ್ಣು ನೋಡಲು ಬಂದ ದಿನದ ಕತೆ ಹೇಳುತ್ತೇನೆ. ಅದನ್ನು ಬಿಟ್ಟರೆ ಕಾಶಪ್ಪನವರ ಕತೆಯೇ ಇಲ್ಲ.

ಕಾಶಪ್ಪನವರು, ಮಲ್ಲಮ್ಮನವರು, ಮಗ ಮಹಾದೇವ, ಮೂವರೂ ಔರಂಗಾಬಾದಿನಿಂದ ಬೆಳಗಿನ ಬಸ್ಸಿಗೆ ಬರುವುದೆಂದು ಗೊತ್ತಾಗಿತ್ತು. ಮಧ್ಯಾಹ್ನದ ಹೊತ್ತಿಗೆ ತಾಯಿ ಮಗ ಇಬ್ಬರೇ ಬಂದು ನಿಂತರು. ಯಜಮಾನರು ಎಲ್ಲಿ ಎಂದರೆ ಮಲ್ಲಮ್ಮನವರು ಸೆರಗು ಸರಿಮಾಡಿಕೊಂಡು, ಇಲ್ಲೇ ಸರಾಫ ಬಜಾರದಲ್ಲಿ ಒಂದು ಸಣ್ಣ ಕೆಲಸವಿತ್ತು ಎಂದರು. ಸರಾಫ ಬಜಾರ ಎಂದರೆ ಅಕ್ಕಸಾಲಿಗರ ಓಣಿ. ನಮ್ಮ ಅತ್ತೆಗೆ ಖುಷಿಯಾಯಿತು. ಬಂಗಾರ ನೋಡಲು ಹೋಗಿದ್ದಾರೆ, ದೊಡ್ಡ ಮನಸ್ಸಿನ ಜನ ಎಂದು ನನ್ನ ಕಿವಿಯಲ್ಲಿ ಹೇಳಿದರು. ಅವಲಕ್ಕಿ ಆರಿತು, ಚಹಾ ಎರಡು ಸಲ ಕಾಯಿಸಿದ್ದಾಯಿತು. ಆಮೇಲೆ ಕಾಶಪ್ಪನವರು ಬಂದರು. ಅಂಗಿ ಬೆವರಿನಲ್ಲಿ ತೊಯ್ದಿದೆ, ಬೆರಳೆಲ್ಲ ಮಸಿ, ಮುಖದಲ್ಲಿ ಮಾತ್ರ ಮದುಮಗನ ಕಳೆ. ಕೈ ತೊಳೆಯಿರಿ ಎಂದು ತಂಬಿಗೆ ಕೊಟ್ಟರೆ ಬಲಗೈ ಒಂದನ್ನೇ ತೊಳೆದರು. ಎಡಗೈ ಅಂಗಿಯ ಕಿಸೆ ಬಿಟ್ಟು ಬರಲೊಲ್ಲದು.

ಶಾಂತಾ ಚಹಾ ತಂದಳು. ಕಾಶಪ್ಪನವರು ತಮ್ಮ ಚಾಳಿಯಂತೆ ಎದ್ದು ಪಕ್ಕಕ್ಕೆ ಹೋಗಿ ಕೂತರು. ನಮ್ಮ ಮನೆತನದ ಮೂಗು ಸ್ವಲ್ಪ ಉದ್ದ. ಹೊಗಳುವವರು ಗರುಡ ಮೂಗು ಎನ್ನುತ್ತಾರೆ, ಉಳಿದವರು ಏನೂ ಅನ್ನುವುದಿಲ್ಲ. ಅದೇ ಮೂಗು ಶಾಂತಾಳಿಗೂ ಬಂದಿದೆ. ಅದರಿಂದಲೇ ಎರಡು ಕಡೆಯವರು 'ತಿಳಿಸ್ತೀವಿ' ಎಂದು ಹೋಗಿ ತಿಳಿಸದೆ ಉಳಿದಿದ್ದರು. ಈ ಮನುಷ್ಯ ನೋಡಿ ನೋಡಿ ಆ ಮೂಗಿನ ಕಡೆಯೇ ಹೋಗಿ ಕೂತರಲ್ಲ ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಅವರು ಬಹಳ ಹೊತ್ತು ನೋಡಿದರು. ನೋಡಿ, ಮಗನ ಕಡೆ ತಿರುಗಿ ಹುಬ್ಬು ಹಾರಿಸಿದರು. ಮಗ ತಲೆ ತಗ್ಗಿಸಿಕೊಂಡೇ ಒಪ್ಪಿದ.

ನಮ್ಮಲ್ಲಿ ಹುಡುಗಿ ಒಪ್ಪಿಗೆಯಾದರೆ ಹುಡುಗನ ತಂದೆ ದೀಪದ ಮುಂದೆ ಅವಳ ಅಂಗೈಯಲ್ಲಿ ಎಲೆ, ಅಡಿಕೆ, ಒಂದು ಬೆಳ್ಳಿ ರೂಪಾಯಿ ಇಡುತ್ತಾನೆ. ಅಲ್ಲಿಗೆ ಮಾತು ಕೊಟ್ಟ ಹಾಗೆ. ಇಟ್ಟದ್ದನ್ನು ವಾಪಸು ತೆಗೆದುಕೊಂಡರೆ ಮಾತು ಮುರಿದ ಹಾಗೆ. ಕಾಶಪ್ಪನವರು ಕಿಸೆಗೆ ಕೈ ಹಾಕಿದರು, ಕಣ್ಣು ಮುಚ್ಚಿ ಶಿವನ ಹೆಸರು ಹೇಳಿದರು, ಎಲೆಯ ಮೇಲೆ ಬೆಳ್ಳಿ ಇಟ್ಟರು. ಶಾಂತಾ ಕಣ್ಣಿಗೆ ಒತ್ತಿಕೊಂಡಳು.

ಅತ್ತೆ ಬಗ್ಗಿ ನೋಡಿದರು. ರೂಪಾಯಿ ಅಲ್ಲ. ಬೆರಳ ಉಗುರಿಗಿಂತ ಒಂದಿಷ್ಟು ದೊಡ್ಡದಾದ ಬೆಳ್ಳಿ ಚೂರು. ಅಂಚು ಸವೆದಿದೆ. ಮೇಲಿದ್ದ ಒಂದು ಮುಖದ ಮೇಲೆ ಯಾರೋ ಸುತ್ತಿಗೆಯಿಂದ ಜಜ್ಜಿದ ಹಾಗೆ ಗುರುತು.

"ಏನ್ರೀ ಇದು?" ಎಂದರು ಅತ್ತೆ. "ಇಷ್ಟು ಸಣ್ಣದು? ಅದೂ ಮಾರಿ ಜಜ್ಜಿದ್ದು? ನಮ್ಮ ಹುಡುಗಿ ಮಾರಿ ಮ್ಯಾಲೆ ಏನರೆ ಹೇಳೂದಿದ್ರ ಬಾಯಿಬಿಟ್ಟು ಹೇಳ್ರಿ."

ಆಗ ಕಾಶಪ್ಪನವರು ಕಣ್ಣು ತೆರೆದು ನೋಡಿದರು. ಪಾಪ, ಅವರ ಮುಖದ ಬಣ್ಣವೇ ಇಳಿದುಹೋಯಿತು. ನಡೆದದ್ದು ಇಷ್ಟು. ಸರಾಫ ಓಣಿಯಲ್ಲಿ ಒಬ್ಬ ಅಕ್ಕಸಾಲಿಗ ಹಳೆ ಬೆಳ್ಳಿಯ ಜೊತೆ ಈ ನಾಣ್ಯವನ್ನು ಮೂಸೆಗೆ ಹಾಕುವುದರಲ್ಲಿದ್ದ. ಇವರು ಓಡಿಹೋಗಿ ಬೂದಿಯಲ್ಲಿ ಕೈಯಾಡಿಸಿ ಅದನ್ನು ಉಳಿಸಿಕೊಂಡು ಬಂದಿದ್ದರು. ಬೆಳಕಿಗೆ ಹಿಡಿದು ಒಮ್ಮೆ ನೆಟ್ಟಗೆ ನೋಡಲೂ ಪುರಸೊತ್ತು ಆಗಿರಲಿಲ್ಲ. ರೂಪಾಯಿ ಬಲಗಿಸೆಯಲ್ಲಿತ್ತು, ಇದು ಎಡಗಿಸೆಯಲ್ಲಿತ್ತು, ಕೈ ಮಾತ್ರ ಪ್ರೀತಿ ಇದ್ದ ಕಡೆ ಹೋಗಿತ್ತು.

ಅವರು ರೂಪಾಯಿ ತೆಗೆದರು, ತಪ್ಪಾಗಿದೆ, ಬದಲಿಸುತ್ತೇನೆ ಎಂದು ಕೈ ಚಾಚಿದರು. ಅತ್ತೆ ಮೊದಲೇ ಬಿರುಸು. ಅದನ್ನು ತೆಗೆದುಕೊಂಡರೆ ಬಂದ ದಾರಿಯಲ್ಲೇ ಹೋಗಿರಿ, ಕೊಟ್ಟ ಮಾತನ್ನು ಬದಲಿಸಲು ಇದೇನು ಹರಿದ ನೋಟೆ ಎಂದು ಕೇಳಿಬಿಟ್ಟರು. ಶಾಂತಾ ಏನು ತಿಳಿದಳೋ, ಮುಷ್ಟಿ ಮುಚ್ಚಿಬಿಟ್ಟಳು.

ಕಾಶಪ್ಪನವರ ಚಾಚಿದ ಕೈ ಹಾಗೇ ನಿಂತಿತು. ಆ ಹೊತ್ತು ನಾನು ಅವರ ಮುಖವನ್ನು ಪಕ್ಕದಿಂದಲೇ ನೋಡುತ್ತಿದ್ದೆ, ನಿಜವನ್ನೇ ಹೇಳುತ್ತೇನೆ. ಒಂದು ಕಡೆ ಸೊಸೆ, ಒಂದು ಕಡೆ ಇನ್ನೂ ಕಣ್ಣು ತುಂಬ ನೋಡಿರದ ನಾಣ್ಯ. ಮನುಷ್ಯ ಒದ್ದಾಡಿದರು. ಮಲ್ಲಮ್ಮನವರು ನೆಲ ನೋಡುತ್ತಿದ್ದರು. ನನ್ನ ಮಗಳ ಮದುವೆ ಒಂದು ಬೆಳ್ಳಿ ಚೂರಿನ ಮೇಲೆ ನಿಂತಿತ್ತು.

ಕಡೆಗೆ ಅವರು ಕೈ ಹಿಂದಕ್ಕೆ ತೆಗೆದರು. "ಇರ್ಲಿ ಬಿಡ್ರಿ ಆಯಿ. ಹುಡುಗಿ ಹತ್ತರನೇ ಇರ್ಲಿ," ಎಂದರು. ಆಮೇಲೆ ಬಹಳ ಸಣ್ಣ ದನಿಯಲ್ಲಿ ಶಾಂತಾಳಿಗೆ, "ತಂಗಿ, ನಾ ಮುಟ್ಟಂಗಿಲ್ಲ. ಕಿಡಕಿ ಹತ್ತರ ಬಂದು ಒಂದೇ ಸಲ ಮುಷ್ಟಿ ಬಿಚ್ಚಿ ತೋರಸ್ತಿ ಏನವ್ವ?" ಎಂದು ಕೇಳಿದರು.

ಹೆಣ್ಣು ನೋಡುವ ಶಾಸ್ತ್ರದಲ್ಲಿ ಹುಡುಗಿ ನಗಬಾರದು. ಶಾಂತಾ ನಕ್ಕುಬಿಟ್ಟಳು. ಕಿಟಕಿಯ ಹತ್ತಿರ ಹೋಗಿ ಅಂಗೈ ಬಿಚ್ಚಿದಳು. ಕಾಶಪ್ಪನವರು ಕಿಸೆಯಿಂದ ಹಿಡಿ ಮುರಿದ ಭೂತಗನ್ನಡಿ ತೆಗೆದು, ಎರಡೂ ಕೈ ಬೆನ್ನ ಹಿಂದೆ ಕಟ್ಟಲು ಹೋಗಿ, ಹಾಗೆ ಮಾಡಿದರೆ ಗಾಜು ಹಿಡಿಯುವುದು ಹೇಗೆಂದು ತೋಚದೆ, ಕಡೆಗೆ ಒಂದೇ ಕೈ ಕಟ್ಟಿಕೊಂಡು ನೋಡಿದರು. ನೋಡುತ್ತಾ ನೋಡುತ್ತಾ ಎಲ್ಲರನ್ನೂ ಮರೆತರು. ಅವರು ಹೇಳಿದ್ದರಲ್ಲಿ ನನ್ನ ತಲೆಗೆ ಹತ್ತಿದ್ದನ್ನು ಹೇಳುತ್ತೇನೆ. ಕೆಳಗೆ ಇರುವ ಮುಖ ನಹಪಾನನೆಂಬ ರಾಜನದು. ನಮ್ಮ ನಾಸಿಕ ಒಂದು ಕಾಲಕ್ಕೆ ಅವನ ಕೈಯಲ್ಲಿತ್ತು. ಪೈಠಣದ ಗೌತಮೀಪುತ್ರ ಸಾತಕರ್ಣಿ ಅವನನ್ನು ಗೆದ್ದ. ಗೆದ್ದವನು ಸೋತವನ ಬೆಳ್ಳಿ ನಾಣ್ಯಗಳನ್ನು ಕರಗಿಸಲಿಲ್ಲ, ಅದರ ಮೇಲೆಯೇ ತನ್ನ ಮುದ್ರೆ ಒತ್ತಿಸಿದ. ಮೂರು ಕಮಾನಿನ ಒಂದು ಗುಡ್ಡ, ಅದರ ಕೆಳಗೆ ಅಲೆಯ ಹಾಗೆ ಒಂದು ಗೆರೆ. ಅತ್ತೆ ಜಜ್ಜಿದ್ದು ಎಂದದ್ದು ಅದನ್ನೇ. ಎಷ್ಟು ಒತ್ತಿದರೂ ಹಳೆಯ ಮುಖ ಪೂರ್ತಿ ಹೋಗಿಲ್ಲ, ಗುಡ್ಡದ ಬಾಜೂಕ್ಕೆ ಮೂಗು ಎದ್ದು ಕಾಣುತ್ತದೆ.

"ಮೂಗು ನೋಡ್ರಿ, ಮೂಗು," ಎಂದು ಕಾಶಪ್ಪನವರು ನಾಣ್ಯವನ್ನು ಒಮ್ಮೆ, ಶಾಂತಾಳನ್ನು ಒಮ್ಮೆ ತೋರಿಸಿದರು. "ಎರಡ ಸಾವಿರ ವರ್ಷ ಆತು, ನಾಸಿಕದ ಮೂಗು ಹಂಗೇ ಅದ."

ನನಗೆ ಸಿಟ್ಟು ಬರಬೇಕಿತ್ತು. ಎರಡು ಮನೆಯವರು ಕಂಡು ಹಿಂದೆ ಸರಿದ ಮೂಗನ್ನು ಈ ಮನುಷ್ಯ ರಾಜನ ಮೂಗು ಎಂದು ಕೊಂಡಾಡುತ್ತಿದ್ದರೆ ಸಿಟ್ಟು ಎಲ್ಲಿಂದ ಬರಬೇಕು? ಶಾಂತಾ ಆಮೇಲೆ ನನಗೆ ಒಂದೇ ಮಾತು ಹೇಳಿದಳು. ನನ್ನ ಕೈಯಲ್ಲಿರುವುದನ್ನು ನೋಡುವುದಕ್ಕೂ ಕೇಳಿದರಲ್ಲವ್ವ, ಆ ಮನೆಯಲ್ಲಿ ನಾನು ಇರಬಲ್ಲೆ ಎಂದಳು.

ಅಲ್ಲಿಂದ ಮದುವೆಯವರೆಗೆ ಕಾಶಪ್ಪನವರು ಎಷ್ಟು ಸಲ ನಾಸಿಕಕ್ಕೆ ಬಂದರೋ ಲೆಕ್ಕವಿಲ್ಲ. ಲಗ್ನಪತ್ರಿಕೆ ಮಾತಾಡಲು, ಸೀರೆ ಬಣ್ಣ ಕೇಳಲು, ಒಮ್ಮೆ ಸುಮ್ಮನೆ ಗೋದಾವರಿಯಲ್ಲಿ ಸ್ನಾನಕ್ಕೆ. ಗೋದಾವರಿ ಪೈಠಣಕ್ಕೂ ಹರಿಯುತ್ತದಲ್ಲ ಬೀಗರೇ ಎಂದು ನಾನು ಚುಚ್ಚಿದೆ. ನೀವು ಮುಳುಗಿ ಎದ್ದ ನೀರು ನಮಗೆ ಬರುತ್ತದೆ, ಹೊಸ ನೀರಿನಲ್ಲಿ ಒಮ್ಮೆ ಮುಳುಗೋಣ ಎಂದು ಬಂದೆ ಎಂದರು. ಸ್ನಾನ ಮುಗಿದ ಮೇಲೆ ಚಹಾ ಕುಡಿದು, ಆಚೆ ಈಚೆ ನೋಡಿ, "ಶಾಂತವ್ವ, ನಿನ್ನ ರಾಜನ್ನ ಒಂದಿಷ್ಟು ತೋರಸವ್ವ," ಎಂದು ಕೇಳಿಯೇ ಕೇಳಿದರು. ಮದುವೆಯ ಪಂಗತಿಯಲ್ಲಿ ಹೆಂಗಸರು ಬೀಗರನ್ನು ಹಾಡಿ ಕಾಡುವುದು ನಮ್ಮ ಪದ್ಧತಿ. ನಾನೇ ಪದ ಕಟ್ಟಿದೆ:

ಬಿಲ್ಲೆ ಬಿಟ್ಟಿರಲಾರ್ದ ಬೀಗ ಬಂದಾನವ್ವ
ಹೆಣ್ಣಿನ ನೆವ ಮಾಡಿ ಬೆಳ್ಳಿ ಬೇಡ್ಯಾನವ್ವ

ಪಂಗತಿ ಪೂರ್ತಿ ನಕ್ಕಿತು. ಕಾಶಪ್ಪನವರು ಎಲೆಯ ಮೇಲಿನ ಹೋಳಿಗೆಯನ್ನು ಮಗುಚಿ ನೋಡುತ್ತಾ, ಪದ ಖರೇ ಇದೆ ಎಂದು ಒಪ್ಪಿಕೊಂಡರು. ಆಮೇಲೆ ತಲೆ ಎತ್ತಿ, ನಿಮ್ಮೂರ ರಾಜನನ್ನು ನಮ್ಮೂರ ರಾಜ ಗೆದ್ದನಲ್ಲ ಅಕ್ಕಾರ, ಅದನ್ನೂ ಪದದಲ್ಲಿ ಸೇರಿಸಿ ಎಂದರು. ಗೆದ್ದರೆ ಏನಾಯಿತು, ಮುಖ ನಮ್ಮದೇ ಉಳಿದಿದೆಯಲ್ಲ ಎಂದು ನಾನೂ ಬಿಡಲಿಲ್ಲ. ಅಂದಿನಿಂದ ನಮ್ಮಿಬ್ಬರಿಗೂ ಇದೇ ಜಗಳ. ಮೊಮ್ಮಗು ಹುಟ್ಟಲಿ, ಆಗ ತೀರ್ಮಾನ ಮಾಡೋಣ ಎನ್ನುತ್ತಿದ್ದರು. ಮೇಲೆ ನಮ್ಮ ಮುದ್ರೆ ಬೀಳುತ್ತದೋ, ಕೆಳಗೆ ನಿಮ್ಮ ಮೂಗು ಉಳಿಯುತ್ತದೋ ನೋಡೇಬಿಡೋಣ.

ಮೊಮ್ಮಗು ಹುಟ್ಟಲಿಲ್ಲ. ಒಂದು ವರ್ಷ, ಎರಡು ವರ್ಷ, ನಾಲ್ಕು ವರ್ಷ. ಒಮ್ಮೆ ಬಸಿರು ನಿಂತದ್ದು ಮೂರು ತಿಂಗಳಿಗೆ ಹೋಯಿತು. ಶಾಂತಾ ತವರಿಗೆ ಬಂದರೆ ನೆರೆಯವರ ತೊಟ್ಟಿಲು ಶಾಸ್ತ್ರಕ್ಕೆ ಹೋಗುವುದನ್ನು ಬಿಟ್ಟಳು. ನಾನು ಹರಕೆ ಹೊರದ ದೇವರಿಲ್ಲ. ಬೀಗರ ಜೊತೆ ಮೂಗಿನ ಜಗಳ ತೆಗೆಯಲೂ ನನಗೆ ಬಾಯಿ ಬರುತ್ತಿರಲಿಲ್ಲ. ತೆಗೆಯುತ್ತಿದ್ದವರು ಅವರೇ, ಅದೂ ಶಾಂತಾಳ ಎದುರಿಗೇ, ಮಗು ಬಸ್ಸಿನಲ್ಲಿ ಕೂತಿದೆ, ದಾರಿಯಲ್ಲಿ ಎಲ್ಲೋ ಟಾಯರ್ ಬದಲಿಸುತ್ತಿದ್ದಾರೆ ಎಂಬ ಹಾಗೆ.

ಒಂದು ದೀಪಾವಳಿಗೆ ನಾನೂ ನಮ್ಮ ಯಜಮಾನರೂ ಔರಂಗಾಬಾದಿಗೆ ಹೋಗಿದ್ದೆವು. ಕಾಶಪ್ಪನವರ ಅಕ್ಕ ಭಾಲ್ಕಿಯಿಂದ ಬಂದಿದ್ದರು. ಚಿಕಲಠಾಣಾದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಮಹಾದೇವ ಮನೆಗೆ ಬಂದು ಕೈಕಾಲು ತೊಳೆದು ಕೂತಿದ್ದ. ಎಲ್ಲರ ಮುಂದೆ ಆ ಹಿರಿಯಾಕೆ ಶುರು ಮಾಡಿದರು. ಮನೆಗೊಂದು ಕೂಸು ಬೇಡವೇ, ಭಾಲ್ಕಿಯಲ್ಲಿ ತಮ್ಮ ಗುರುತಿನವರಲ್ಲಿ ಒಳ್ಳೆಯ ಹುಡುಗಿ ಇದ್ದಾಳೆ, ಶಾಂತಾ ಬೇಕಾದರೆ ಮನೆಯಲ್ಲೇ ಇರಲಿ, ಯಾರು ಹೊರಗೆ ಹಾಕುತ್ತಾರೆ. ಶಾಂತಾ ಒಳಗೆ ಒಲೆಯ ಮುಂದಿದ್ದಳು. ಅವಳಿಗೆ ಎಲ್ಲ ಕೇಳಿಸುತ್ತಿತ್ತು. ಮಹಾದೇವ ಎದ್ದು ನಿಂತ. ಹೆಣ್ಣು ಕೊಟ್ಟವರು ನಾವು, ಆ ಮನೆಯಲ್ಲಿ ನಮ್ಮ ಬಾಯಿಗೆ ಎಷ್ಟು ಬೆಲೆ?

ಕಾಶಪ್ಪನವರು ಮಗನಿಗೆ ಕೂರಲು ಸನ್ನೆ ಮಾಡಿ, ಒಳಗೆ ಮುಖ ಮಾಡಿ, ಶಾಂತವ್ವ ನಿನ್ನ ರಾಜನನ್ನು ತಾ ಎಂದರು. ಅವಳು ತಂದಳು. ಕಣ್ಣು ಕೆಂಪಗಿದ್ದವು, ಹೊಗೆ ಎಂದುಕೊಳ್ಳಬಹುದಿತ್ತು. ಅವಳ ಅಂಗೈಯಲ್ಲೇ ನಾಣ್ಯ ಇಡಿಸಿ ಅಕ್ಕನಿಗೆ ತೋರಿಸಿದರು.

"ಅಕ್ಕ, ಇವ ಗೆದ್ದ ರಾಜ. ಸೋತವನ ಬೆಳ್ಳಿ ಎಲ್ಲಾ ಇವನ ಕೈಯಾಗ ಬಂದಿತ್ತು. ಕರಗಿಸಿ ಹೊಸಾದು ಮಾಡಸಬಹುದಿತ್ತು. ಕರಗಿಸಲಿಲ್ಲ. ಇದ್ದದ್ದರ ಮ್ಯಾಲೇ ತನ್ನ ಗುರುತು ಹಾಕಿ, ಇದು ನಂದು ಅಂದ. ಅಂಥಾ ರಾಜಗೇ ಅಷ್ಟು ಮರ್ಯಾದಿ ಇತ್ತು. ನಾ ನಾಕಾದಾಗ ಕುಂದ್ರಾಂವ. ನನ್ನ ಮನಿಗೆ ಬಂದ ಹುಡುಗೀನ್ನ ನಾ ಕರಗಸಲಿ ಏನು?"

"ನಿನ್ನ ಬಿಲ್ಲೆ ಮಾತು ನನಗ ತಿಳಿಯಂಗಿಲ್ಲ," ಎಂದರು ಅಕ್ಕ.

"ತಿಳೀಲಿಲ್ಲಾ? ಹಂಗಾರ ಮೊದಲಿಂದ ಹೇಳ್ತೀನಿ. ಕುಂದ್ರು."

ಅವರು ಮೊದಲಿನಿಂದ ಹೇಳಿದರು. ಮೂರು ಕಮಾನಿನ ಗುಡ್ಡ, ಅಲೆಯ ಗೆರೆ, ಹಿಂದೆ ನಾಲ್ಕು ಉಂಡೆ ಕೂಡಿಸಿದ ಗುರುತು, ಸುತ್ತ ಬರೆದ ಅಕ್ಷರ, ಎಲ್ಲ. ಆಕಳಿಸಿದರೆ ಮತ್ತೆ ಹಿಂದಿನ ರಾಜನಿಂದ ಶುರು. ಆ ಹಿರಿಯಾಕೆ ಮರುದಿನವೇ ಊರಿಗೆ ಹೊರಟರು. ಆಮೇಲೆ ಆ ಮನೆಯಲ್ಲಿ ಇನ್ನೊಂದು ಹುಡುಗಿಯ ಮಾತು ಎತ್ತುವ ಧೈರ್ಯ ಯಾರಿಗೂ ಬರಲಿಲ್ಲ. ಎತ್ತಿದರೆ ಸಾತವಾಹನರ ಕತೆ ಪೂರ್ತಿ ಕೇಳಬೇಕಾಗುತ್ತದೆ ಎಂಬುದು ನಂಟರಿಷ್ಟರಿಗೆಲ್ಲ ಗೊತ್ತಾಗಿತ್ತು. ನಾವು ಬಸ್ಸು ಹತ್ತುವಾಗ ನಾನು ಅವರಿಗೆ ಕೈ ಮುಗಿಯಲು ಹೋದೆ. ಹಾಗೆ ಎದುರು ನಿಲ್ಲಬೇಡಿ ಅಕ್ಕಾರ, ನೀವು ಯಾರೆಂದು ಗುರುತು ಸಿಗುವುದಿಲ್ಲ ಎಂದು ನಗಿಸಿಬಿಟ್ಟರು.

ನಾಕಾದ ಕೆಲಸದಿಂದ ನಿವೃತ್ತರಾಗುವ ಹೊತ್ತಿಗೆ ಪೈಠಣದ ಹತ್ತಿರ ದೊಡ್ಡ ಅಣೆಕಟ್ಟೆ ಎದ್ದಿತ್ತು, ನದಿ ದಂಡೆಯ ಹಳ್ಳಿಗಳು ಮುಳುಗುವುದರಲ್ಲಿದ್ದವು. ಕಾಶಪ್ಪನವರು ಧೋತರ ಎತ್ತಿ ಕಟ್ಟಿ ಕೆಸರಿನಲ್ಲಿ ಅಲೆಯುತ್ತಿದ್ದರು. ನಾಣ್ಯ ತರುತ್ತೇನೆಂದು ಹೋದವರು ಹೆಚ್ಚಾಗಿ ನೆಗಡಿ ತಂದರು ಎಂದು ಮಲ್ಲಮ್ಮನವರು ಹೇಳುತ್ತಿದ್ದರು. ಆ ನೆಗಡಿ ಎದೆಗೆ ಇಳಿಯಿತು. ಹೋದ ವರ್ಷ ಸಂಕ್ರಾಂತಿ ಮುಗಿದ ಮೇಲೆ ನಾವು ನೋಡಲು ಹೋದೆವು. ಮಂಚವನ್ನು ಬಾಗಿಲಿಗೆ ಅಡ್ಡಲಾಗಿ ಹಾಕಿಸಿಕೊಂಡು, ಬಂದವರನ್ನೆಲ್ಲ ಪಕ್ಕದಿಂದ ನೋಡುತ್ತಾ ಮಲಗಿದ್ದರು. ನಾನು ಎದುರು ಕೂತೆ. ಬೆರಳಾಡಿಸಿ ಬಾಜೂಕ್ಕೆ ಸರಿಯಲು ಹೇಳಿದರು. ಸರಿದೆ. ಬಹಳ ಹೊತ್ತು ನನ್ನ ಮೂಗನ್ನೇ ನೋಡಿದರು. ಶಾಂತಾ ನಾಣ್ಯ ತಂದು ತೋರಿಸಿದಳು, ಆಗಲೂ ಮುಟ್ಟಲಿಲ್ಲ.

ದಿಂಬಿನ ಕೆಳಗಿಂದ ಒಂದು ಬೆಳ್ಳಿ ರೂಪಾಯಿ ತೆಗೆದು ಮಲ್ಲಮ್ಮನವರ ಕೈಗೆ ಕೊಟ್ಟರು. ಹೆಣ್ಣು ನೋಡಲು ಬಂದ ದಿನ ಬಲಗಿಸೆಯಲ್ಲೇ ಉಳಿದುಹೋಗಿದ್ದ ರೂಪಾಯಿ. ಕೂಸಿನ ಮುಖ ನೋಡುವಾಗ ಕೈಯಲ್ಲಿ ಇಡಬೇಕೆಂದು ಹೇಳಿದರು. ಕೂಸಿನ ಸುಳಿವೇ ಇರದ ಮನೆ ಅದು. ಮಲ್ಲಮ್ಮನವರು ರೂಪಾಯಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

"ಹೆಣ್ಣಾದ್ರ ಗೌತಮಿ ಅಂತ ಕರೀರಿ," ಎಂದರು. "ಅಷ್ಟು ದೊಡ್ಡ ರಾಜ, ತನ್ನ ಹೆಸರಿನ ಮೊದಲ ಅವ್ವನ ಹೆಸರು ಹೇಳ್ಕೊಂಡ. ಮತ್ತ ಅಕ್ಕಾರ, ನಾ ಇರಲಿಲ್ಲಂದ್ರ ಬಾಜೂಕ್ಕ ಕುಂತು ನೋಡಿ ಹೇಳ್ರಿ. ಸುಳ್ಳು ಹೇಳಬ್ಯಾಡ್ರಿ."

ಅದೇ ಕಡೆಯ ಭೇಟಿ.

ನಿನ್ನೆ ಸಂಜೆಯ ಬಸ್ಸಿಗೆ ಮಹಾದೇವ ಬಂದ. ಮಲ್ಲಮ್ಮನವರು ಹೆರಿಗೆಗೆಂದು ಎಂಟು ದಿನ ಮೊದಲೇ ಬಂದಿದ್ದರು. ನಾನು ಸಜ್ಜಕದ ಹೋಳಿಗೆ ಮಾಡಿದ್ದೆ, ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಬಾಣಂತಿಗೆ ಬೇರೆ ಮೆಣಸಿನ ಸಾರು. ಅಡುಗೆಮನೆಯಲ್ಲಿ ಉಣ್ಣುವ ಬದಲು ಎಲ್ಲರೂ ತಟ್ಟೆ ಹಿಡಿದು ಬಾಣಂತಿ ಕೋಣೆಯಲ್ಲೇ ಕೂತೆವು. ಯಾರಿಗೂ ಕೂಸನ್ನು ಬಿಟ್ಟು ಬೇರೆ ಕಡೆ ಕೂರುವ ಮನಸ್ಸಿಲ್ಲ.

ಊಟಕ್ಕೆ ಮೊದಲು ಮಲ್ಲಮ್ಮನವರು ರೂಪಾಯಿ ತೆಗೆದು ಕೂಸಿನ ಅಂಗೈಗೆ ಇಟ್ಟರು. ಅದು ಆ ಅಂಗೈಗಿಂತ ದೊಡ್ಡದು, ಜಾರಿ ಬಟ್ಟೆಯ ಮೇಲೆ ಬಿತ್ತು. ಮತ್ತೆ ಇಟ್ಟರು, ಮತ್ತೆ ಬಿತ್ತು. ಶಾಂತಾ ದಿಂಬಿನ ಪಕ್ಕದ ಡಬ್ಬಿಯಿಂದ ತನ್ನ ರಾಜನನ್ನು ತೆಗೆದು ಮಲ್ಲಮ್ಮನವರ ಕೈಗೆ ಕೊಟ್ಟಳು. ಅವರು ಅದನ್ನು ಇಟ್ಟರು. ಕೂಸು ಗಟ್ಟಿಯಾಗಿ ಮುಷ್ಟಿ ಮುಚ್ಚಿಕೊಂಡಿತು.

ನಮ್ಮ ಅತ್ತೆಗೆ ಈಗ ಕಣ್ಣು ಅಷ್ಟಕ್ಕಷ್ಟೇ, ಬಾಯಿ ಮಾತ್ರ ಹಾಗೇ ಇದೆ. ಮೂಲೆಯಿಂದಲೇ ಹೇಳಿದರು: "ಇಷ್ಟು ಸಣ್ಣದು ಯಾಕ ಕೊಟ್ಟಿದ್ದ ಅಂತ ಇವತ್ತು ತಿಳೀತು ನೋಡು."

ಕೂಸು ಅದನ್ನು ಬಾಯಿಗೆ ಹಾಕಿಕೊಂಡರೆ ಎಂದು ನಾನು ಬಿಡಿಸಲು ಹೋದೆ. ಮಲ್ಲಮ್ಮನವರು ನನ್ನ ಕೈ ತಡೆದರು. ಹುಡುಗಿಯ ಕೈಯಲ್ಲಿ ಇಟ್ಟದ್ದನ್ನು ಈ ಮನೆಯಲ್ಲಿ ಯಾರೂ ವಾಪಸು ತೆಗೆದದ್ದಿಲ್ಲ, ತಾನಾಗಿ ಬಿಚ್ಚುವವರೆಗೆ ನಾನು ಕಾಯುತ್ತೇನೆ ಎಂದರು. ಮದುವೆಯಾದಂದಿನಿಂದ ಗಂಡನಿಗೆ, ನೆಟ್ಟಗೆ ಕೂತು ಜನರನ್ನು ನೋಡಲು ಕಲಿಯಿರಿ ಎಂದು ಬೈದವರು ಅವರು. ಈಗ ತಮ್ಮ ತಟ್ಟೆ ಎತ್ತಿಕೊಂಡು, ಕೂಸಿನ ಎದುರಿನಿಂದ ಎದ್ದು, ಮೆಲ್ಲಗೆ ಪಕ್ಕಕ್ಕೆ ಸರಿದು ಕೂತರು. ಕಣ್ಣು ಕಿರಿದು ಮಾಡಿದರು. ಹಣೆಯಿಂದ ಮೂಗಿಗೆ, ಮೂಗಿನಿಂದ ಗದ್ದಕ್ಕೆ.

ನಾವೆಲ್ಲ ಕೈಯಲ್ಲಿ ತುತ್ತು ಹಿಡಿದು ಕಾದೆವು.

"ಹಣೀ, ಕಿವಿ ಅವರವೇ," ಎಂದರು. "ಮೂಗು ನಾಸಿಕದ್ದೇ ಉಳದದ್ರಿ, ಬೀಗತಿ."

ಮಹಾದೇವ ತಲೆ ತಗ್ಗಿಸಿಕೊಂಡು ಉಣ್ಣತೊಡಗಿದ. ನಾನು ಮಲ್ಲಮ್ಮನವರ ತಟ್ಟೆಗೆ ಬಿಸಿ ರೊಟ್ಟಿ ಹಾಕಿದೆ. ಅವರು ಕೂಸಿನ ಮುಷ್ಟಿಯಿಂದ ಕಣ್ಣು ತೆಗೆಯದೆ, ರೊಟ್ಟಿಯನ್ನು ಒಮ್ಮೆ ಮಗುಚಿ ನೋಡಿ, ಮುರಿದು ಬಾಯಿಗೆ ಇಟ್ಟುಕೊಂಡರು.